ಬೆದ್ರಕ್ಕೆ ಹೋದ ಜುಟ್ಟಿನ ಸರ್ಪ

ಬಂಟ್ವಾಳದಿಂದ ಬೆಳ್ತಂಗಡಿಗೆ ಬೆಳಗ್ಗಿನ ಮೊದಲ ಬಸ್ಸು ಉಂಟು ಎಂದು ಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಷ್ಟು ಹೊತ್ತಿಗೆ ಎಂದು ಕೇಳಿದರೆ ಮಾತ್ರ ಆಕಾಶ ನೋಡುತ್ತಾರೆ. ನಾನು ಮಂಜು ಬಿಡುವ ಮೊದಲೇ ಹೋಗಿ ನಿಂತಿದ್ದೆ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಅರಳುಂಡೆ ಮತ್ತು ಒಂದು ಬಾಟಲಿ ತುಪ್ಪ. ಡ್ರೈವರು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ಏನೋ ಬಿಚ್ಚುತ್ತಿದ್ದ, ಏನೋ ಕಟ್ಟುತ್ತಿದ್ದ. ಬಸ್ಸು ಹೊರಡುವಾಗ ಬಿಸಿಲು ಏರಿತ್ತು, ನನ್ನ ಸಿಟ್ಟೂ ಏರಿತ್ತು. ಈಗ ಎಲ್ಲವೂ ಚೆನ್ನಾಗಿ ಮುಗಿದಿರುವುದರಿಂದ ಆ ಡ್ರೈವರನನ್ನು ಕ್ಷಮಿಸಿದ್ದೇನೆ.

ನಾನು ಹೊರಟದ್ದು ತಂಗಿಯನ್ನು ಹೆರಿಗೆಗೆ ಕರೆತರಲು. ವಿಮಲನಿಗೆ ಏಳು ತಿಂಗಳು ತುಂಬಿತ್ತು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿದ್ದರಿಂದ ಈ ಸಲ ಬಯಕೆಯ ಶಾಸ್ತ್ರ ಮುಗಿದ ಕೂಡಲೇ ಅವಳು ನಮ್ಮ ಮನೆಯಲ್ಲಿರಬೇಕು ಎಂದು ಅಮ್ಮ ಹಟ ಹಿಡಿದಿದ್ದರು. ಅಷ್ಟರಲ್ಲಿ ಅವಳ ಗಂಡನ ಊರು ಮಡಂತ್ಯಾರಿಗೆ ಹೋಗಿಬಂದ ನೆರೆಮನೆಯವರು ಒಂದು ಸುದ್ದಿ ತಂದರು. ವಿಮಲ ಜುಟ್ಟಿನ ಸರ್ಪವನ್ನು ಕಂಡಿದ್ದಾಳೆ, ಅಂದಿನಿಂದ ಅವಳಿಗೆ ಅನ್ನ ಸೇರುವುದಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ, ಗಂಡನ ಮನೆಯವರು ಹೊಸ್ತಿಲು ದಾಟಿಸಲು ಹೆದರುತ್ತಿದ್ದಾರೆ. ಅಮ್ಮ ಅಲ್ಲೇ ಕುಸಿದು ಕೂತರು. "ನೀನೇ ಹೋಗು ಲಲಿತ. ನಾನು ಹೋದರೆ ಅಳುವುದೊಂದೇ ಆಗ್ತದೆ" ಎಂದರು. ನಾನು ಶಾಲೆಗೆ ರಜೆ ಹಾಕಿ ಹೊರಟೆ.

ನಮ್ಮ ಕಡೆಯವರಲ್ಲದ ಓದುಗರಿಗೆ ಈ ಜುಟ್ಟಿನ ಸರ್ಪ ಎಂದರೇನು ಎಂದು ಹೇಳಬೇಕು. ಸರ್ಪಕ್ಕೆ ವಯಸ್ಸಾದ ಹಾಗೆ ಉದ್ದ ಕಡಿಮೆಯಾಗುತ್ತಾ ಬರುತ್ತದಂತೆ. ತೀರಾ ಮುದಿಯಾದ ಮೇಲೆ ತಲೆಗೆ ಹುಂಜದ ಹಾಗೆ ಕೆಂಪು ಜುಟ್ಟು, ಬೆನ್ನಿಗೆ ರೆಕ್ಕೆ ಬರುತ್ತದಂತೆ. ಮುಸ್ಸಂಜೆಗೆ ಹುಂಜದ ಹಾಗೆಯೇ ಕೂಗಿ ಹಾರಿಹೋಗುತ್ತದಂತೆ. ಆ ಕೂಗು ಕಿವಿಗೆ ಬಿದ್ದ ಬಸುರಿಯ ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲವಂತೆ. ಇದನ್ನು ಕಣ್ಣಾರೆ ಕಂಡವರು ನನಗೆ ಯಾರೂ ಸಿಕ್ಕಿರಲಿಲ್ಲ, ಕಂಡವರನ್ನು ಬಲ್ಲವರು ಮಾತ್ರ ಮನೆಗೊಬ್ಬರಿದ್ದಾರೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಕಂಡವಳು ಒಡಹುಟ್ಟಿದ ತಂಗಿಯಾದಾಗ ಆ ಗಟ್ಟಿತನ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹೊಸ ಪೈಸೆ ಬಂದ ಹೊಸತು. ಹದಿನೆಂಟಾಣೆ ಇದ್ದ ಕಡೆ ಒಂದು ರೂಪಾಯಿ ಹದಿಮೂರು ಪೈಸೆ ಎಂದು ಕಂಡಕ್ಟರ್ ಹೇಳುವುದು, ಹನ್ನೆರಡೂವರೆ ಅಲ್ಲವಾ ಎಂದು ಜನ ಕೇಳುವುದು, ಅರ್ಧ ಪೈಸೆ ನನ್ನ ಮಾವನ ಟಂಕಸಾಲೆಯಲ್ಲಿ ಆಗಬೇಕಷ್ಟೆ ಎಂದು ಅವನು ಹೇಳುವುದು, ಹೀಗೆ ಪ್ರತಿ ಸೀಟಿನಲ್ಲೂ ಒಂದು ಜಗಳ. ಕೆಂಪು ಧೂಳು ಕಿಟಕಿಯಿಂದ ಬಂದು ಎಲ್ಲರ ತಲೆಯ ಮೇಲೂ ಕೂತಿತು. ಬಂಟ್ವಾಳ ದಾಟಿ ದಾರಿ ಏರತೊಡಗಿದ ಮೇಲೆ ಎಂಜಿನ್ನು ಕೆಮ್ಮಲು ಹಿಡಿಯಿತು. ಪುಂಜಾಲಕಟ್ಟೆಯಲ್ಲಿ ನೀರು ಕುಡಿಸಲು ನಿಲ್ಲಿಸಿದರು.

ಅಲ್ಲಿ ಹತ್ತಿದ ಒಬ್ಬ ಹಿರಿಯರು ನನ್ನ ಎದುರಿನ ಸೀಟಿನಲ್ಲಿ ಕೂತರು. ಬಿಳಿ ಕೋಟು, ಕೊಡೆ, ಕೊರಳಲ್ಲಿ ಶಿಲುಬೆ. ಕೊಂಕಣಿ ಕ್ರಿಸ್ತಾನರನ್ನು ನಾವು ಪೊರ್ಬುಗಳು ಎಂದು ಮರ್ಯಾದೆಯಿಂದ ಕರೆಯುತ್ತೇವೆ. ಪೊರ್ಬುಗಳು ಮಡಂತ್ಯಾರಿನ ಇಗರ್ಜಿಗೆ ಹೊರಟಿದ್ದರು. ಏನು ಕೆಲಸ, ಎಲ್ಲಿಗೆ, ಯಾಕೆ, ಮುಖ ಯಾಕೆ ಬಾಡಿದೆ ಎಂದು ಒಂದೊಂದಾಗಿ ಕೇಳಿ ನನ್ನ ಬಾಯಿಂದ ಎಲ್ಲವನ್ನೂ ಹೊರಡಿಸಿದರು. ಕೇಳಿ ನಗಲಿಲ್ಲ. ಜೇಬಿನಿಂದ ಪ್ರಾರ್ಥನೆ ಪುಸ್ತಕ ತೆಗೆದು ಅದರೊಳಗಿನ ಒಂದು ಚಿತ್ರ ತೋರಿಸಿದರು. ಕುದುರೆ ಏರಿದ ಸಂತರೊಬ್ಬರು ಕೆಳಗಿರುವ ಏನನ್ನೋ ಈಟಿಯಿಂದ ಚುಚ್ಚುತ್ತಿದ್ದರು. ಬೆರಳು ತಾಗಿ ತಾಗಿ ಚಿತ್ರದ ಕೆಳಭಾಗ ಅಳಿಸಿಹೋಗಿತ್ತು. ಬಾಯಿ, ರೆಕ್ಕೆ ಮಾತ್ರ ಉಳಿದಿತ್ತು.

"ಇದು ನಿಮ್ಮ ಸರ್ಪದ ದೊಡ್ಡಪ್ಪ" ಎಂದರು.

ಪಾಠ ಮಾಡುವ ಚಟ ಸುಮ್ಮನಿರಬೇಕಲ್ಲ. ನಮ್ಮ ಶಾಲೆಗೆ ಬಂದ ಹೊಸ ಪುಸ್ತಕದಲ್ಲಿ ಡೈನೋಸಾರುಗಳ ಚಿತ್ರ ಉಂಟು, ಬೆಟ್ಟದಷ್ಟು ದೊಡ್ಡ ಹಲ್ಲಿಗಳು, ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಸತ್ತುಹೋದವು, ಅವುಗಳ ಎಲುಬು ಎಲ್ಲೋ ಸಿಕ್ಕಿ ಜನ ಇಂಥ ಕಥೆ ಕಟ್ಟಿರಬೇಕು ಎಂದೆ.

"ಮನುಷ್ಯ ಇರಲೇ ಇಲ್ಲ ಅಂತೀರಿ" ಎಂದರು ಪೊರ್ಬುಗಳು. "ಹಾಗಾದ್ರೆ ಇರಲಿಲ್ಲ ಅಂತ ನೋಡಿದ್ದು ಯಾರು ಟೀಚರ್?"

ಹಿಂದಿನ ಸೀಟಿನವರೂ ನಕ್ಕರು. ಅವರು ಮುಂದುವರಿಸಿದರು. ದೇವರು ಎಲ್ಲ ಪ್ರಾಣಿಗಳನ್ನೂ ಒಂದೇ ವಾರದಲ್ಲಿ ಮಾಡಿದ್ದು, ಆದಾಮನೇ ಎಲ್ಲದಕ್ಕೂ ಹೆಸರಿಟ್ಟದ್ದು. ನನ್ನ ಪುಸ್ತಕದ ದೊಡ್ಡ ಹಲ್ಲಿಗೂ ಅವನೇ ಹುಲ್ಲು ಹಾಕಿರಬೇಕು. ಆಮೇಲೆ ಜಲಪ್ರಳಯ ಬಂತು. ದೊಡ್ಡದೆಲ್ಲ ಮುಳುಗಿತು, ಸಣ್ಣದು ನಾವೆ ಹತ್ತಿತು.

"ಹಾಗಾದರೆ ಸಣ್ಣದು ಈಗಲೂ ಎಲ್ಲಾದರೂ ಇರಬಹುದು ಅಂತಲಾ?" ಎಂದು ಕೇಳಿದೆ. ವಾದಕ್ಕೆ ಕೇಳಿದ್ದು, ಆದರೆ ಕೇಳುವಾಗ ಕಣ್ಣು ಆ ಚಿತ್ರದ ಮೇಲೇ ಇತ್ತು.

ಅವರು ಪುಸ್ತಕ ಮಡಚಿದರು. "ನಾನು ತಮಾಷೆಗೆ ಹೇಳಿದ್ದು ಮಗಾ. ನಿಮ್ಮ ತಂಗಿಗೋಸ್ಕರ ಇವತ್ತು ಒಂದು ಮೇಣದ ಬತ್ತಿ ಹಚ್ಚುತ್ತೇನೆ. ಸಂತರು ಜಾತಿ ಕೇಳುವುದಿಲ್ಲ" ಎಂದರು. ಮಡಂತ್ಯಾರಿನಲ್ಲಿ ಇಬ್ಬರೂ ಇಳಿದೆವು. ಅವರು ಇಗರ್ಜಿಯ ಕಡೆಗೆ ಹೋದರು, ನಾನು ಗದ್ದೆಯ ದಾರಿ ಹಿಡಿದೆ.

ವಿಮಲನ ಗಂಡನ ಮನೆ ಅಲ್ಲಿಂದ ಒಂದೂವರೆ ಮೈಲು ಒಳಗೆ. ಕೊಯ್ಲಾದ ಗದ್ದೆಗಳಲ್ಲಿ ಉದ್ದು ಬಿತ್ತಿದ್ದರು. ತೋಡಿನ ನೀರು ದಾಟಿದ ಮೇಲೆ ಒಂದು ದೊಡ್ಡ ಅಂಗಳ, ಹಂಚಿನ ಮನೆ, ಪಕ್ಕದಲ್ಲಿ ದನದ ಹಟ್ಟಿ. ಅಂಗಳದಲ್ಲಿ ವಿಮಲನ ಗಂಡ, ನನ್ನ ಭಾವ ಆದಿರಾಜ ಎದುರಾದ. ವಯಸ್ಸಿನಲ್ಲಿ ನನಗಿಂತ ಸಣ್ಣವನು, ಯಾವಾಗಲೂ ಏನಾದರೊಂದು ಕೀಟಲೆ ಮಾಡುವವನು. ಅಂದು ಚೀಲ ಇಸಿದುಕೊಂಡವನು ತಲೆ ಎತ್ತಲಿಲ್ಲ. ಒಳಗೆ ಹೋಗಿ ವಿಮಲನನ್ನು ನೋಡಿದೆ. ಹೊಟ್ಟೆ ಮುಂದೆ ಬಂದಿದೆ, ಉಳಿದ ಮೈಯೆಲ್ಲ ಒಣಗಿ ಹೋಗಿದೆ. ಕಣ್ಣಿನ ಸುತ್ತ ಕಪ್ಪು. ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಕೂಗು ಕೇಳುತ್ತದೆ ಎಂದು ರಾತ್ರಿಯೂ ಹೀಗೇ ಕೂತಿರುತ್ತಾಳೆ ಎಂದು ಅತ್ತೆ ಹೇಳಿದರು.

ಅತ್ತೆಯವರ ಹೆಸರು ಪದ್ಮಾವತಿ, ಊರಿಗೆಲ್ಲ ಪದ್ದಮ್ಮ. ಎತ್ತರದ ಹೆಂಗಸು, ಮಾತು ಕಡಿಮೆ. ಸೊಸೆಯನ್ನು ಅವರು ಗೋಳುಹೊಯ್ಯುತ್ತಿದ್ದಾರೆ ಎಂದು ನಾನು ದಾರಿಯುದ್ದಕ್ಕೂ ಜಗಳ ಸಿದ್ಧಪಡಿಸಿಕೊಂಡು ಬಂದಿದ್ದೆ. ನೋಡಿದರೆ ಅವರೇ ಅರ್ಧ ಇಳಿದುಹೋಗಿದ್ದರು. ದಿನಾ ನಾಗನ ಕಲ್ಲಿಗೆ ಹಾಲೆರೆಯುತ್ತಿದ್ದರು, ಸೊಸೆಯ ಕೈಗೆ ದಾರ ಕಟ್ಟಿದ್ದರು, ತಾವೂ ಒಪ್ಪೊತ್ತು ಮಾತ್ರ ಉಣ್ಣುತ್ತಿದ್ದರು. ನನ್ನ ಜಗಳ ಬಾಯಲ್ಲೇ ಉಳಿಯಿತು.

ಏನು ಕಂಡದ್ದು ಎಂದು ವಿಮಲನ ಪಕ್ಕ ಕೂತು ಕೇಳಿದೆ. ನಮ್ಮದು ಜೈನರ ಮನೆಗಳು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಅವತ್ತು ಊಟ ಮಾಡಿ ತಂಬಿಗೆ ಇಡಲು ಬಚ್ಚಲಿನ ಕಡೆ ಹೋದಳಂತೆ. ಬಚ್ಚಲಿನ ಆಚೆ ದರೆಯ, ಎಂದರೆ ಮಣ್ಣಿನ ದಿಬ್ಬದ ಮೇಲೆ ಏನೋ ಬಡಿದುಕೊಂಡ ಸದ್ದು. ನೋಡಿದರೆ ಕೆಂಪು ಜುಟ್ಟು, ಎರಡು ರೆಕ್ಕೆ ಪಟಪಟ, ಹಿಂದೆ ಸರ್ಪದ ಹಾಗೆ ಉದ್ದ ಬಾಲ. ಇವಳ ಕಡೆ ತಿರುಗಿ ಒಮ್ಮೆ ಕೂಗಿತು. ಆಮೇಲೆ ಪೊದೆಯೊಳಗೆ ನುಗ್ಗಿಹೋಯಿತು.

"ಯಾವುದಾದರೂ ಹುಂಜ ಇರಬೇಕು ಮಾರಾಯ್ತಿ" ಎಂದೆ.

"ನಮ್ಮ ಮನೆಯ ಸುತ್ತ ಹುಂಜ ಎಲ್ಲುಂಟು ಅಕ್ಕ?" ಎಂದಳು.

ಜೈನರ ಮನೆಯಲ್ಲಿ ಕೋಳಿ ಸಾಕುವುದಿಲ್ಲ. ಒಕ್ಕಲಿನವರೂ ಪದ್ದಮ್ಮನವರ ಮೇಲಿನ ಗೌರವಕ್ಕೆ ತಮ್ಮ ಕೋಳಿಗಳನ್ನು ತೋಡಿನ ಆಚೆಯೇ ಇಟ್ಟುಕೊಂಡಿದ್ದಾರೆ. "ನಾನು ಈ ಮನೆಗೆ ಬಂದ ಮೇಲೆ ಹುಂಜದ ಕೂಗು ಕೇಳಿದ್ದೇ ಇಲ್ಲ. ಬೆಳಗಾದದ್ದು ನಮಗೆ ಕಾಗೆಯಿಂದ ಗೊತ್ತಾಗುವುದು" ಎಂದರು ಪದ್ದಮ್ಮ. ಕಾಡುಕೋಳಿ ಇರಬಹುದು ಎಂದೆ. ಕಾಡುಕೋಳಿಗೆ ಆ ಬಾಲ ಉಂಟಾ ಎಂದು ವಿಮಲ ಕೇಳಿದಳು. ಕೋಳಿಯೇ ಇಲ್ಲದ ಕಡೆ ಕೂಗಿದ್ದು ಯಾವುದು ಎಂಬ ಒಂದೇ ಪ್ರಶ್ನೆಗೆ ನನ್ನ ವಿಜ್ಞಾನವೆಲ್ಲ ಮುಗಿಯಿತು. ಆದಿರಾಜ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ಅವನ ಮುಖದಲ್ಲಿ ರಕ್ತ ಇರಲಿಲ್ಲ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಇವನಿಗೆ ಎಂದುಕೊಂಡೆ.

ಪದ್ದಮ್ಮನೇ ಒಂದು ದಾರಿ ಹೇಳಿದರು. "ಬೆದ್ರಕ್ಕೆ ಹೋಗಿ. ಚಂದ್ರನಾಥ ಸ್ವಾಮಿಯ ಗಂಧೋದಕ ಇವಳ ತಲೆಗೆ ಹಾಕಿಸಿ, ಅಲ್ಲಿಂದಲೇ ತವರಿಗೆ ಕರೆದುಕೊಂಡು ಹೋಗಿ. ಹಾಗೇ ಕಳಿಸಿ ಏನಾದರೂ ಆದರೆ ನಿಮ್ಮ ಅಮ್ಮನಿಗೆ ನಾನು ಯಾವ ಮುಖ ತೋರಿಸುವುದು?" ಬೆದ್ರ ಎಂದರೆ ಮೂಡಬಿದಿರೆ. ಹಾಗೇ ಆಗಲಿ ಎಂದೆ. ದೇವರ ಮೇಲಿನ ಭಕ್ತಿಗಿಂತ ಅವಳು ಆ ಬಚ್ಚಲಿನಿಂದ ದೂರ ಹೋದರೆ ಸಾಕು ಎಂದೇ ನನಗಿತ್ತು.

ಮರುದಿನ ಗಾಡಿ ಕಟ್ಟಿಸಿಕೊಂಡು ವಿಮಲ, ಆದಿರಾಜ, ನಾನು ಮೂವರೂ ಹೊರಟೆವು. ಮೊದಲು ಬೆಳ್ತಂಗಡಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಬೆಳ್ತಂಗಡಿಯಲ್ಲಿ ಆಗ ಒಂದು ಬೀದಿ, ಬೀದಿಯ ತುಂಬ ಎತ್ತಿನ ಗಾಡಿಗಳು, ಬೀದಿಯ ಕೊನೆಗೆ ಗಡಾಯಿಕಲ್ಲಿನ ಬಂಡೆಬೆಟ್ಟ ಎದ್ದು ನಿಂತಿತ್ತು. ಡಾಕ್ಟರರು ವಿಮಲನ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಕೂಸು ಸರಿ ಉಂಟು. ಸರಿ ಇಲ್ಲದ್ದು ತಾಯಿ" ಎಂದರು. "ಹೀಗೇ ನಿದ್ದೆ ಬಿಟ್ಟು, ಊಟ ಬಿಟ್ಟು ಕೂತರೆ ಇಬ್ಬರಿಗೂ ಕಷ್ಟ ಉಂಟು."

ನಿದ್ದೆಗೆ ಏನಾದರೂ ಕೊಡಿ ಎಂದೆ. ಬಸುರಿಗೆ ಅಂಥದ್ದು ಕೊಡುವುದಿಲ್ಲ, ಹೆದರಿಕೆಗೆ ನನ್ನಲ್ಲಿ ಮದ್ದೂ ಇಲ್ಲ ಎಂದರು. ಒಂದು ಟಾನಿಕ್ಕು ಬರೆದುಕೊಟ್ಟರು. ಹೊರಗೆ ಬಂದಾಗ ಆದಿರಾಜ ಡಾಕ್ಟರ್ ಏನೆಂದರು ಎಂದು ಕೇಳಿದ. ಹೇಳಿದೆ. ಅವನು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿದ.

ಮಧ್ಯಾಹ್ನದ ಬಸ್ಸು ಗುರುವಾಯನಕೆರೆ, ವೇಣೂರು ದಾಟಿ ಹೋಗುತ್ತದೆ. ಇಪ್ಪತ್ತು ಮೈಲು ದಾರಿಗೆ ಮೂರು ಕಡೆ ನಿಂತಿತು. ವೇಣೂರಿನಲ್ಲಿ ನದಿಯ ದಡದ ಗೊಮ್ಮಟ ಸ್ವಾಮಿ ಮರಗಳ ಮೇಲಿಂದ ತಲೆ ಎತ್ತಿ ಬಸ್ಸನ್ನು ನೋಡುತ್ತಿದ್ದ. ವಿಮಲ ಕೈಮುಗಿದಳು. ಪ್ರತಿ ಗುಂಡಿಗೂ ನಾನು ಅವಳ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. "ನಿನಗೇ ಹೆಚ್ಚು ಹೆದರಿಕೆ ಅಕ್ಕ" ಎಂದಳು. ಸುಳ್ಳಲ್ಲ. ಆ ರಾತ್ರಿ ಮೂಡಬಿದಿರೆಯ ಯಾತ್ರಿಕರ ಛತ್ರದಲ್ಲಿ ಉಳಿದೆವು. ಅವಳು ಅಲ್ಲಿಯೂ ಕೂತೇ ಇದ್ದಳು.

ಚಂದ್ರನಾಥ ಸ್ವಾಮಿಯ ಸಾವಿರ ಕಂಬದ ಬಸದಿಗೆ ನಾನು ಮೊದಲೂ ಹೋಗಿದ್ದೆ. ಎಷ್ಟು ಸಲ ಹೋದರೂ ಆ ಕಂಬಗಳನ್ನು ಕಂಡಾಗ ಬಾಯಿ ಮುಚ್ಚುತ್ತದೆ. ಒಂದರ ಹಾಗೆ ಇನ್ನೊಂದಿಲ್ಲ. ಬೆಳಗ್ಗಿನ ಚಳಿಗೆ ಕಲ್ಲು ಪಾದಕ್ಕೆ ಕಚ್ಚುತ್ತಿತ್ತು. ಅಭಿಷೇಕ ಮುಗಿದು ಅರ್ಚಕರು ಹೊರಗೆ ಬಂದರು. ನಮ್ಮಲ್ಲಿ ಬಸದಿಯ ಅರ್ಚಕರನ್ನು ಇಂದ್ರರು ಎನ್ನುತ್ತೇವೆ. ತೆಳ್ಳಗಿನ ಮುದುಕರು, ಹಲ್ಲು ನಾಲ್ಕೋ ಐದೋ. ವಿಮಲನ ತಲೆಗೆ, ಕಣ್ಣಿಗೆ ಗಂಧೋದಕ ಹಚ್ಚಿದರು. ಸಂಗತಿ ಎಲ್ಲ ಕೇಳಿದರು. ಹೆದರಬೇಡ ಎಂದರು. ಹೆದರಬೇಡ ಎಂದು ಎಲ್ಲರೂ ಹೇಳಿ ಆಗಿತ್ತು. ಅವಳು ಮುಂದಿನ ಮಂಟಪದ ಮೆಟ್ಟಿಲಲ್ಲಿ ಕೂತಳು, ಮುಖ ಹಾಗೆಯೇ ಇತ್ತು.

ನಾನು ಟೀಚರ್ ಎಂದು ತಿಳಿದು ಇಂದ್ರರು ಮಂಟಪದ ಕೆಳಗಿನ ಪಟ್ಟಿಯಲ್ಲಿರುವ ಕೆತ್ತನೆ ತೋರಿಸುತ್ತೇನೆ ಬನ್ನಿ ಎಂದರು. ಆನೆ, ಕುದುರೆ, ಕುಣಿಯುವವರು, ಉದ್ದ ಕತ್ತಿನ ಜಿರಾಫೆ. ಜಿರಾಫೆ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ. ನಮ್ಮ ವ್ಯಾಪಾರಿಗಳು ಹಡಗಿನಲ್ಲಿ ಹೋಗದ ದೇಶ ಇಲ್ಲ, ಅವರು ಬಂದು ಹೇಳಿದ್ದನ್ನು ಶಿಲ್ಪಿ ಕೆತ್ತಿದ್ದಾನೆ ಎಂದರು. ಮಾತಿಗೆ ಮಾತು ಬಂದು ನಾನು ಡೈನೋಸಾರಿನ ವಿಷಯ ತೆಗೆದೆ. ಬಸ್ಸಿನಲ್ಲಿ ಸೋತದ್ದು ಇನ್ನೂ ಮನಸ್ಸಿನಲ್ಲಿತ್ತು.

ಇಂದ್ರರಿಗೆ ಅದೇನೂ ಹೊಸತಲ್ಲ. "ಕಾಲದ ಹೆಸರೇ ಅವಸರ್ಪಿಣಿ ಅಲ್ಲವಾ? ಸರ್ಪದ ಹಾಗೆ ಇಳಿಯುತ್ತಾ ಬರುವುದು. ಮೊದಲ ಕಾಲದಲ್ಲಿ ಮನುಷ್ಯ ಮೂರು ಕ್ರೋಶ, ಅಂದರೆ ಆರು ಮೈಲು ಎತ್ತರ. ಮೂರು ದಿನಕ್ಕೊಮ್ಮೆ ಇಷ್ಟೇ ಇಷ್ಟು ಊಟ. ಇಳಿಯುತ್ತಾ ಇಳಿಯುತ್ತಾ ಈಗ ನಾನು, ನೀವು. ಪ್ರಾಣಿಗಳೂ ಹಾಗೆಯೇ."

"ಆಗ ನನ್ನ ಪುಸ್ತಕದ ಬೆಟ್ಟದಂಥ ಹಲ್ಲಿ ಮನುಷ್ಯರ ಜೊತೆಗೇ ಇತ್ತು ಅಂತಲಾ?"

"ಇದ್ದಿರಬಹುದು. ಮೂರು ಕ್ರೋಶದವನ ಮುಂದೆ ಅದು ಬೆಕ್ಕಿನ ಮರಿ. ಗೋಡೆಯ ಮೇಲಿನ ಹಲ್ಲಿ ಅಂತ ಹೊಡೆದು ಓಡಿಸದೆ ಬಿಟ್ಟದ್ದೇ ದೊಡ್ಡದು. ನಮ್ಮವರು ಅಹಿಂಸೆಯವರಲ್ಲವಾ" ಎಂದು ಇಂದ್ರರು ನಕ್ಕರು. ಒಂದು ಕಡೆ ಮುಳುಗಿಹೋದ ಹಲ್ಲಿ, ಇನ್ನೊಂದು ಕಡೆ ಬೆಕ್ಕಿನ ಮರಿಯಾದ ಹಲ್ಲಿ. ಎರಡೂ ಕಡೆ ಮನುಷ್ಯ ಮಾತ್ರ ಪಕ್ಕದಲ್ಲೇ ಇದ್ದಾನೆ.

"ಹಲ್ಲಿ ಅಂದದ್ದಕ್ಕೆ ನೆನಪಾಯಿತು, ಇದನ್ನು ನೋಡಿ" ಎಂದು ಅವರು ಬಗ್ಗಿ ತೋರಿಸಿದರು. ಕಲ್ಲಿನ ಪಟ್ಟಿಯಲ್ಲಿ ಒಂದು ವಿಚಿತ್ರ ಪ್ರಾಣಿ. ಸರ್ಪದ ಹಾಗೆ ಸುತ್ತಿದ ಮೈ, ತೆರೆದ ಬಾಯಿ, ಉಗುರಿರುವ ಕಾಲುಗಳು. "ಚೀನಾ ದೇಶದ ಘಟಸರ್ಪ. ರೇಷ್ಮೆಯ ಮೇಲೆ ಹೀಗೇ ನೇಯ್ದಿರುತ್ತಾರಂತೆ."

ಸರ್ಪ ಎಂಬ ಮಾತು ಕಿವಿಗೆ ಬಿದ್ದು ವಿಮಲ ಮೆಟ್ಟಿಲಿನಿಂದ ಎದ್ದು ಬಂದಳು. ಬೇಡ ನೋಡಬೇಡ ಎಂದು ನಾನು ಅಡ್ಡ ನಿಂತೆ. ಅವಳು ನನ್ನನ್ನು ಸರಿಸಿ ಬಗ್ಗಿ ನೋಡಿದಳು.

"ಅಕ್ಕ, ಇದೇ" ಎಂದಳು.

"ಎಂಥದ್ದು ಇದೇ? ಇದಕ್ಕೆ ಜುಟ್ಟಿಲ್ಲವಲ್ಲ."

"ಜುಟ್ಟಲ್ಲ. ಕಾಲು. ಅದಕ್ಕೂ ಹೀಗೇ ಕಾಲಿತ್ತು. ಅಗಲಕ್ಕೆ ಹಾಕಿ ಹಾಕಿ ನಡೆಯಿತು."

ನಾನು ಅವಳ ಭುಜ ಹಿಡಿದು ತಿರುಗಿಸಿದೆ. "ಇಷ್ಟು ದಿನ ಕಾಲಿನ ಸುದ್ದಿ ಯಾಕೆ ಎತ್ತಲಿಲ್ಲ ನೀನು?"

"ಯಾರು ಕೇಳಿದರು? ಜುಟ್ಟು ಹೇಗಿತ್ತು, ರೆಕ್ಕೆ ಹೇಗಿತ್ತು ಅಂತಲೇ ಎಲ್ಲರೂ ಕೇಳಿದ್ದು. ಸರ್ಪಕ್ಕೆ ಕಾಲಿತ್ತು ಅಂದರೆ ತಲೆ ಕೆಟ್ಟಿದೆ ಅಂತೀರಿ ಅಂತ ನಾನೇ ಸುಮ್ಮನಾದೆ."

ಅವಳು ಹೇಳಿದ್ದು ಸರಿ. ನಾನೂ ಕೇಳಿರಲಿಲ್ಲ. ಸರ್ಪ ಎಂದು ಒಬ್ಬರ ಬಾಯಲ್ಲಿ ಬಂದ ಮೇಲೆ ನಾವೆಲ್ಲರೂ ಅದಕ್ಕೆ ಜುಟ್ಟು, ರೆಕ್ಕೆ ಅಂಟಿಸುತ್ತಾ ಹೋದೆವೇ ಹೊರತು ಅದು ಹೇಗೆ ನಡೆಯಿತು ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಹಿಂದೆ ನಿಂತಿದ್ದ ಆದಿರಾಜ ಮುಂದೆ ಬಂದ.

"ನಾಲ್ಕು ಕಾಲಾ?" ಎಂದು ಕೇಳಿದ. "ಬಾಲ ಎಷ್ಟು ಉದ್ದ?"

ವಿಮಲ ಕೈ ಅಗಲಿಸಿ ತೋರಿಸಿದಳು.

"ಉಡ" ಎಂದ ಅವನು. "ಅಯ್ಯೋ ದೇವರೇ, ಉಡ." ಎಂದವನು ಬಸದಿಯ ಮೆಟ್ಟಿಲಲ್ಲಿ ಹಾಗೆಯೇ ಕೂತುಬಿಟ್ಟ.

ಉಡಕ್ಕೆ ಜುಟ್ಟು ಎಲ್ಲಿಂದ, ಅದು ಕೂಗುವುದು ಎಲ್ಲಿಂದ ಎಂದು ನಾನು ಕೇಳಿದೆ. ಆಗ ಅವನ ಬಾಯಿಂದ ಎಲ್ಲ ಹೊರಬಂತು. ಕೋಳಿ ಅಂಕಕ್ಕೆಂದು ಅವನು ಗೆಳೆಯರ ಜೊತೆ ಸೇರಿ ಒಂದು ಹುಂಜ ಕೊಂಡಿದ್ದ. ಪದ್ದಮ್ಮನವರ ಮಗ, ಹುಂಜಗಳ ಕಾಲಿಗೆ ಕತ್ತಿ ಕಟ್ಟಿ ಕಾದಿಸುವ ಆಟಕ್ಕೆ. ಮರುದಿನ ಬೆಳಿಗ್ಗೆ ಗೆಳೆಯನ ಮನೆಗೆ ಸಾಗಿಸುವುದೆಂದು ಆ ಒಂದು ಸಂಜೆಯ ಮಟ್ಟಿಗೆ ಹಟ್ಟಿಯ ಹಿಂದೆ ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಬುಟ್ಟಿ ಮಗುಚಿತ್ತು, ಹುಂಜ ಇರಲಿಲ್ಲ. ದರೆಯ ಹತ್ತಿರ ಗರಿಗಳು ಬಿದ್ದಿದ್ದವು. ನರಿ ಕೊಂಡುಹೋಯಿತು ಎಂದುಕೊಂಡು ಗರಿಗಳನ್ನು ತರಗೆಲೆಯ ಕೆಳಗೆ ತಳ್ಳಿ ಬಂದಿದ್ದ.

"ಹೆಂಡತಿ ಸಾಯುವ ಹಾಗಾದಳು, ಆಗಲಾದರೂ ಹೇಳಬಾರದಿತ್ತಾ ಮಾರಾಯ?" ಎಂದೆ. ಬಸದಿ ಎಂಬುದು ಮರೆತು ಕೂಗಿಯೇಬಿಟ್ಟಿದ್ದೆ.

"ನಾನು ಅದನ್ನು ಹುಂಜ ಅಂತ ಎಣಿಸಲೇ ಇಲ್ಲ ಅಕ್ಕ" ಎಂದ. ಕಣ್ಣಲ್ಲಿ ನೀರಿತ್ತು. "ಜೈನರ ಮನೆಗೆ ಕಾದಾಟದ ಕೋಳಿ ತಂದೆ, ಆ ಪಾಪಕ್ಕೇ ಸರ್ಪ ಬಂತು ಅಂತ ಮಾಡಿದೆ. ಹುಂಜದ ರೂಪದಲ್ಲೇ ಬಂದು ಕೂಗಿತು ಅಂತ. ಇವಳಿಗೂ ಕೂಸಿಗೂ ಏನಾದರೂ ಆದರೆ ಅದು ನನ್ನಿಂದ ಅಂತ ಇಷ್ಟು ದಿನ ಒಳಗೇ ಬೇಯುತ್ತಿದ್ದೆ."

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆ ಸರ್ಪವನ್ನು ನಂಬಿದವನು ಅವನೇ. ಹೊಡೆಯಬೇಕೆಂದು ಎತ್ತಿದ ಕೈ ಕೆಳಗಿಳಿಯಿತು. ವಿಮಲ ಕಲ್ಲಿನ ಪ್ರಾಣಿಯನ್ನೇ ನೋಡುತ್ತಿದ್ದಳು.

"ಆ ಹುಂಜದ ಬಣ್ಣ ಎಂಥದ್ದು?" ಎಂದು ಗಂಡನನ್ನು ಕೇಳಿದಳು.

"ಕೆಂಪು. ರೆಕ್ಕೆಯ ತುದಿ ಕಪ್ಪು."

"ಹೌದು, ಕಪ್ಪಿತ್ತು" ಎಂದಳು. ಕೆತ್ತನೆಯ ಬಾಯಿಯ ಮೇಲೆ ಬೆರಳಿಟ್ಟು, "ಪಾಪ. ಹಾಗಾದರೆ ಅದು ಕೂಗಿದ್ದಲ್ಲ. ಉಡದ ಬಾಯಿಂದ ಬಿಡಿಸಿ ಅಂತ ನನ್ನನ್ನು ಕರೆದದ್ದು. ನಾನು ತಂಬಿಗೆ ಎಸೆದು ಓಡಿದೆ" ಎಂದಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಮೈ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ನಾನು ಹತ್ತಿರ ಹೋದೆ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅತ್ತೆ ಇಷ್ಟು ದಿನ ಒಪ್ಪೊತ್ತು ಮಾಡಿ ಹಾಲೆರೆದದ್ದು ಒಂದು ಉಡಕ್ಕಾ ಅಕ್ಕ?"

ನಾನೂ ನಗುತ್ತಾ ಕಂಬಕ್ಕೆ ಒರಗಿ ಕೂತೆ. ಇಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ನಮ್ಮ ಯಜಮಾನರು ಬೇಸರ ಮಾಡಬಾರದು. ಯಾವ ಸರ್ಪವೂ ನನ್ನ ತಂಗಿಯನ್ನು ನೋಡಿರಲಿಲ್ಲ, ಯಾವುದೂ ಅವಳ ಹೊಟ್ಟೆಯ ಮೇಲೆ ಕಣ್ಣಿಟ್ಟಿರಲಿಲ್ಲ. ಹಸಿದ ಒಂದು ಉಡ, ಕೆಟ್ಟ ಗಳಿಗೆಯಲ್ಲಿ ಸಿಕ್ಕಿದ ಒಂದು ಹುಂಜ, ಅಷ್ಟೆ.

ಇಂದ್ರರು ಎಲ್ಲ ಕೇಳುತ್ತಾ ನಿಂತಿದ್ದರು. ಆದಿರಾಜ ಎದ್ದು ಅವರ ಕಾಲಿಗೆ ಬಿದ್ದ. ಇನ್ನು ಅಂಕದ ಕಡೆ ತಲೆ ಹಾಕಿ ಮಲಗುವುದಿಲ್ಲ, ಏನಾದರೂ ಪ್ರಾಯಶ್ಚಿತ್ತ ಹೇಳಿ ಎಂದ.

"ಮನೆಗೆ ಹೋಗಿ ತಾಯಿಯ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳು. ಅಷ್ಟೇ" ಎಂದರು ಇಂದ್ರರು.

ಆದಿರಾಜನ ಮುಖ ಸಣ್ಣದಾಯಿತು. "ಬೇರೆ ಏನಾದರೂ ಕೊಡಿ ಇಂದ್ರರೇ. ಬೇಕಾದರೆ ಉಪವಾಸ ಮಾಡ್ತೇನೆ."

"ಉಪವಾಸ ನಿನ್ನ ತಾಯಿ ಮಾಡಿ ಆಗಿದೆಯಲ್ಲ" ಎಂದು ಅವರು ಗರ್ಭಗುಡಿಯ ಕಡೆಗೆ ನಡೆದರು.

ಬಸದಿಯಿಂದ ಪೇಟೆಗೆ ಇಳಿಯುವಾಗ ವಿಮಲ ಹಸಿವಾಗ್ತದೆ ಎಂದಳು. ಆ ಮಾತು ಕೇಳಿ ಆದಿರಾಜ ಓಡಿಯೇ ಹೋದ, ಹೋಟೆಲಿನಲ್ಲಿ ಮೇಜು ಹಿಡಿಯಲು. ನೀರುಳ್ಳಿ ಹಾಕದ ಸಜ್ಜಿಗೆ ಬಜಿಲ್, ಎಂದರೆ ಉಪ್ಪಿಟ್ಟು ಅವಲಕ್ಕಿ, ಮಾಡಿಸಿದ, ಮೇಲೆ ಎರಡು ಬನ್ಸು, ಅದರ ಮೇಲೆ ಕಾಫಿ. ಅವಳು ತಟ್ಟೆ ಖಾಲಿ ಮಾಡಿ ನನ್ನ ತಟ್ಟೆಯ ಕಡೆ ನೋಡಿದಳು. ಅದನ್ನೂ ಅವಳ ಕಡೆಗೆ ತಳ್ಳಿದೆ. ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ನೀರು ತಂದಿಟ್ಟ, ಕುಡಿದಳು. ಬಾಳೆಹಣ್ಣು ತಂದ, ತಿಂದಳು. ಕೊನೆಗೆ ಕೈ ತೊಳೆದು ಬಂದು, "ಅತ್ತೆಗೆ ಇವತ್ತೇ ಹೇಳಬೇಕು. ನಾಳೆ ಅಂದರೆ ನಾನು ಬರುವುದಿಲ್ಲ, ಕೂಸೂ ಬರುವುದಿಲ್ಲ" ಎಂದಳು. ಆಗಲಿ ಎಂದು ತಲೆ ಆಡಿಸಿದ. ಅವನ ಬಸ್ಸು ಮೊದಲು ಬಂತು. ಹತ್ತುವಾಗ ಶಾಲೆಗೆ ಹೋಗಲು ಹಟ ಮಾಡುವ ಮಕ್ಕಳ ಮುಖ ಮಾಡಿಕೊಂಡಿದ್ದ. ಬಸ್ಸು ತಿರುಗುವವರೆಗೂ ವಿಮಲ ಅದನ್ನೇ ನೋಡುತ್ತಿದ್ದಳು, ಆಮೇಲೆ ಫಕ್ಕನೆ ನಕ್ಕಳು.

ಮೂಡಬಿದಿರೆಯಿಂದ ಮಂಗಳೂರಿಗೆ ಮಿಜಾರಿನ ಮೇಲೆ ಹೋಗುವ ನೇರ ಬಸ್ಸುಗಳುಂಟು. ನಮಗೆ ಬೇಕಾದದ್ದು ಸಿದ್ಧಕಟ್ಟೆಯ ದಾರಿಯಲ್ಲಿ ಬಂಟ್ವಾಳಕ್ಕೆ ಇಳಿದು ಅಲ್ಲಿಂದ ಸುತ್ತು ಬಳಸಿ ಮಂಗಳೂರಿಗೆ ಹೋಗುವ ಬಸ್ಸು. ಮಧ್ಯಾಹ್ನದ ಬಿಸಿಲಿಗೆ ಸೀಟು ಕಾದಿತ್ತು. ಬಂಟ್ವಾಳಕ್ಕೆ ಎರಡು ಟಿಕೆಟು ತೆಗೆದುಕೊಂಡೆ. ಅಮ್ಮನಿಗೆ ಈ ಕಥೆಯನ್ನು ಎಲ್ಲಿಂದ ಶುರುಮಾಡಿ ಹೇಳುವುದು ಎಂದು ಯೋಚಿಸುತ್ತಿದ್ದೆ. ವಿಮಲ ಮೊದಲ ಎರಡು ಮೈಲು ಕಿಟಕಿಯ ಹೊರಗೆ ನೋಡಿ ಮಾತಾಡಿದಳು. ಕೂಸಿಗೆ ಯಾವ ಹೆಸರಿಡುವ ಅಕ್ಕ ಎಂದಳು. ನಾನು ಒಂದು ಹೆಸರು ಹೇಳಿ ಉತ್ತರಕ್ಕೆ ಕಾದೆ. ಅವಳ ತಲೆ ನನ್ನ ಭುಜದ ಮೇಲೆ ಬಿತ್ತು.

ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತು ಹೊರಟಿತು, ಅವಳಿಗೆ ಎಚ್ಚರವಾಗಲಿಲ್ಲ. ಯಾರೋ ಹಲಸಿನಕಾಯಿಯ ಮೂಟೆಯನ್ನು ಧಡ್ಡೆಂದು ಟಾಪಿನ ಮೇಲೆ ಹಾಕಿದರು, ಆಗಲೂ ಆಗಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಬೆವರಿಗೆ ಹಣೆಯ ಕುಂಕುಮ ಕರಗಿ ನನ್ನ ರವಕೆಗೆ ಹತ್ತಿತ್ತು. ನನ್ನ ತೋಳು ಜೋಮು ಹಿಡಿದು ಕಲ್ಲಾಯಿತು. ಅಲುಗಾಡಿಸಲಿಲ್ಲ.

ಬಂಟ್ವಾಳ ಪೇಟೆ ಬಂತು. ಕಂಡಕ್ಟರ್ ಬಾಗಿಲು ಬಡಿದು, "ಬಂಟ್ವಾಳ ಇಳಿಯುವವರು ಇಳಿಯಿರಿ" ಎಂದು ಕೂಗಿ ನಮ್ಮ ಹತ್ತಿರ ಬಂದ. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ಅಕ್ಕ, ನಿಮ್ಮ ಊರು" ಎಂದು ಅವನು ಪಿಸುಗುಟ್ಟಿದ.

"ಗೊತ್ತುಂಟು. ಮುಂದಕ್ಕೆ ಎರಡು ಟಿಕೆಟ್ ಕೊಡಿ."

"ಮುಂದಕ್ಕೆ ಅಂದ್ರೆ ಎಲ್ಲಿಗೆ?"

"ನಿಮ್ಮ ಬಸ್ಸು ಎಲ್ಲಿಯವರೆಗೆ ಹೋಗ್ತದೋ ಅಲ್ಲಿಗೆ."

ಅವನು ವಿಮಲನ ಮುಖ ನೋಡಿದ, ಹೊಟ್ಟೆ ನೋಡಿದ. ಸೀಟಿ ಊದಲಿಲ್ಲ. ಮುಂದೆ ನಡೆದುಹೋಗಿ ಡ್ರೈವರನ ಬೆನ್ನು ತಟ್ಟಿ ಹೋಗುವ ಎಂದ. ನಮ್ಮ ಬೀದಿಯ ತಿರುವು ಕಿಟಕಿಯಲ್ಲಿ ಬಂದು ಹೋಯಿತು. ಜೋಡುಮಾರ್ಗ ದಾಟಿತು, ಫರಂಗಿಪೇಟೆ ದಾಟಿತು, ಎದುರಿಗೆ ಬಿಸಿಲು ಇಳಿಯತೊಡಗಿತು. ಮಂಗಳೂರಿನವರೆಗೂ ನನ್ನ ತಂಗಿ ನಿದ್ದೆ ಮಾಡಿದಳು.